ತುಕ್ಕಿನ ಮೇಲಿನ ಬೆಸುಗೆ: ಉಳಿದದ್ದು ಯಾರ ಹಣ, ಮುರಿದದ್ದು ಯಾರ ಕಾಲು?



ಹಳಸಿದ ಸಾಂಬಾರಿಗೆ ಹೊಸ ಒಗ್ಗರಣೆ ಕೊಟ್ಟು ಗಿರಾಕಿಯ ಮುಂದಿಡುವ ಹೊಟೇಲಿಗೆ ನಾವು ಏನೆಂದು ಹೇಳುತ್ತೇವೆ? ಆ ಹೊಟೇಲಿನ ಭಟ್ಟನನ್ನು ನಮ್ಮಲ್ಲಿ ಯಾರಾದರೂ ಜಾಣನೆಂದು ಹೊಗಳುವುದುಂಟೇ? ಇಲ್ಲ. ಅನ್ನಕ್ಕೆ ದ್ರೋಹ ಮಾಡಿದವನೆಂದೇ ಹೇಳುತ್ತೇವೆ. ಆದರೆ ಅದೇ ಕೆಲಸವನ್ನು ಗ್ಯಾರೇಜಿನಲ್ಲಿ, ಲಾರಿಯ ಕೆಳಗೆ ಮಲಗಿ, ತುಕ್ಕು ತಿಂದ ಕಬ್ಬಿಣದ ಮೇಲೆ ವೆಲ್ಡಿಂಗ್ ರಾಡು ಹಿಡಿದು ಮಾಡಿದವನನ್ನು ಮಾತ್ರ "ಉಸ್ತಾದ್, ಏನು ಕೈ ನಿಮ್ಮದು!" ಎಂದು ಬೆನ್ನು ತಟ್ಟುತ್ತೇವೆ. ಹೊಟ್ಟೆ ಕೆಡಿಸಿದರೆ ಅಪರಾಧ. ಪ್ರಾಣವನ್ನೇ ನೂಲಿನಲ್ಲಿ ತೂಗಹಾಕಿದರೆ ಕೈಚಳಕ! ಇದು ಯಾವ ಊರಿನ ನ್ಯಾಯ ಎಂದು ಕೇಳುವುದಕ್ಕಾಗಿಯೇ ಇಂದು ಲೇಖನಿ ಹಿಡಿದಿದ್ದೇನೆ.

ಹೊಟೇಲು ಕಾರ್ಮಿಕರ, ಮಿಲ್ಲಿನ ಕಾರ್ಮಿಕರ ಪತ್ರಿಕೆಯಲ್ಲಿ ಲಾರಿಯ ಮಾತು ಏಕೆ ಎಂದು ಕೆಲವರು ಕೇಳಬಹುದು. ನೀವು ಬೆಳಿಗ್ಗೆ ಹೆಚ್ಚುವ ನೀರುಳ್ಳಿ ಯಾವುದರಲ್ಲಿ ಬಂತು? ಅಕ್ಕಿ, ಉದ್ದು, ತೆಂಗಿನಕಾಯಿ, ಗ್ಯಾಸಿನ ಸಿಲಿಂಡರು ಯಾವುದರಲ್ಲಿ ಬಂದವು? ರಾತ್ರಿ ಎರಡು ಗಂಟೆಗೆ ಎದ್ದು ಮಾರುಕಟ್ಟೆಗೆ ಹೋದ ನಮ್ಮ ಹುಡುಗ ಮೂಟೆಗಳ ಮೇಲೆ ಕುಳಿತು ತೂಕಡಿಸುತ್ತ ಬರುವುದು ಯಾವುದರ ಮೇಲೆ? ಆ ಹುಡುಗನ ಕೆಳಗೆ ಮೂಟೆ. ಮೂಟೆಯ ಕೆಳಗೆ ಹಲಗೆ. ಹಲಗೆಯ ಕೆಳಗೆ ಚಾಸಿ. ಚಾಸಿಯ ಕೆಳಗೆ ಅಂಗೈಯಗಲದ ಒಂದು ಕಬ್ಬಿಣದ ತುಂಡು. ನಾನು ಹೇಳಹೊರಟಿರುವುದು ಆ ತುಂಡಿನ ಕತೆ.

ಕಳೆದ ಮಳೆಗಾಲದಲ್ಲಿ ನಡೆದ ಸಂಗತಿ. ವಾಶಿಯ ಸಗಟು ಮಾರುಕಟ್ಟೆಯಿಂದ ಬೆಳಗಿನ ಜಾವ ತರಕಾರಿ ಹೇರಿ ತರುವ ಒಂದು ಲಾರಿಯ ಬಾಡಿಗೆಯನ್ನು ನಮ್ಮ ಭಾಗದ ನಾಲ್ಕೈದು ಹೊಟೇಲುಗಳು ಹಂಚಿಕೊಂಡಿದ್ದವು. ಲಾರಿಗೆ ವಯಸ್ಸು ಹದಿನಾಲ್ಕು. ಹೊರಗೆ ಹೊಸ ಬಣ್ಣ, ಹಣೆಗೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ದೇವರ ಹೆಸರು. ಖಾಡಿಯ ಸೇತುವೆ ದಾಟಿ ಮಾನ್‌ಖುರ್ದ್ ಕಡೆಗೆ ಬರುವಾಗ ಮುಂದಿನ ಟೆಂಪೋ ಒಂದು ಥಟ್ಟನೆ ನಿಂತಿತು. ನಮ್ಮ ಡ್ರೈವರು ಬ್ರೇಕು ತುಳಿದ. ಹಿಂಬದಿಯ ಎಡಗಡೆಯಲ್ಲಿ ಸಿಡಿಮದ್ದು ಹಾರಿದಂತೆ ಸದ್ದಾಯಿತು. ಹಿಂದಿನ ಅಚ್ಚು ಒಂದು ಪಕ್ಕಕ್ಕೆ ಸರಿದು ಲಾರಿ ತಾನಾಗಿಯೇ ತಿರುಗಿತು, ಕಟ್ಟೆಗೆ ಬಡಿದು ವಾಲಿತು. ಮೂಟೆಯ ಮೇಲಿದ್ದ ಹುಡುಗ ಕೆಳಗೆ. ಅವನ ಮೇಲೆ ಬಟಾಟೆ ಮೂಟೆ. ಕುಂದಾಪುರದ ಕಡೆಯವನು, ಹತ್ತೊಂಬತ್ತು ವರ್ಷ, ಭಟ್ಟರ ಕೈಕೆಳಗೆ ತರಕಾರಿ ಹೆಚ್ಚುತ್ತಿದ್ದವನು. ತೊಡೆಯ ಮೂಳೆ ಮುರಿಯಿತು. ಒಳಗೆ ಸರಳು ಹಾಕಿದರು. ಈಗ ಊರಲ್ಲಿ ತಾಯಿಯ ಹತ್ತಿರ ಇದ್ದಾನೆ.

ಲಾರಿಯ ಮಾಲೀಕರು "ದೈವೇಚ್ಛೆ" ಎಂದರು. ಮರುದಿನ "ಡ್ರೈವರನ ತಪ್ಪು" ಎಂದರು. ಮೂರನೆಯ ದಿನ ಡ್ರೈವರನನ್ನು ಕೆಲಸದಿಂದ ತೆಗೆದರು. ನಾನು ಹೋಗಿ ಆ ಲಾರಿಯ ಕೆಳಗೆ ಬ್ಯಾಟರಿ ಬಿಟ್ಟು ನೋಡಿದೆ. ದೈವದ ಕೈ ಅಲ್ಲಿ ಎಲ್ಲಿಯೂ ಕಾಣಲಿಲ್ಲ. ಕಂಡದ್ದು ವೆಲ್ಡಿಂಗಿನವನ ಕೈ.

ನಾನು ಮಿಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರನಾಗಿದ್ದವನು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಹೊರಗೆ ಬಂದವನಿಗೆ ಮಿಲ್ಲಿನ ಬಾಗಿಲು ಮತ್ತೆ ತೆರೆಯಲಿಲ್ಲ. ಅನಂತರ ಮೂವತ್ತು ವರ್ಷ ಲಾರಿಗಳ ಕೆಳಗೆ ಬೆನ್ನು ಹಾಸಿ ಮಲಗಿ ಹೊಟ್ಟೆ ಹೊರೆದೆ. ಆದುದರಿಂದ ಇಲ್ಲಿ ಹೇಳುವ ಮಾತು ಪುಸ್ತಕ ನೋಡಿ ಹೇಳಿದ್ದಲ್ಲ.

ಲಾರಿಯ ಭಾರವೆಲ್ಲ ಕೂಡುವುದು ಕಮಾನು ಪಟ್ಟಿಗಳ ಮೇಲೆ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಈ ಕಟ್ಟನ್ನು ಯು ಬೋಲ್ಟುಗಳು ಅಚ್ಚಿಗೆ ಬಿಗಿಹಿಡಿಯುತ್ತವೆ. ಕಟ್ಟಿನ ಎರಡು ತುದಿಗಳನ್ನು ಚಾಸಿಗೆ ಸೇರಿಸುವ ಕೈಗಳೇ ಹ್ಯಾಂಗರುಗಳು. ಒಂದು ತುದಿ ಹ್ಯಾಂಗರಿಗೆ ಪಿನ್ನಿನ ಮೂಲಕ ನೇರವಾಗಿ ಸೇರಿರುತ್ತದೆ. ಇನ್ನೊಂದು ತುದಿಯಲ್ಲಿ ಶ್ಯಾಕಲ್ ಎಂಬ ಉಯ್ಯಾಲೆ ಇರುತ್ತದೆ. ಏಕೆಂದರೆ ಭಾರ ಬಿದ್ದಾಗ ಬಾಗಿದ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಓಡಾಡಲು ಜಾಗ ಬೇಕು.

ಹ್ಯಾಂಗರು ಬರಿಯ ಭಾರ ಹೊರುವ ಗೂಟವೆಂದು ತಿಳಿಯಬೇಡಿರಿ. ನಾನು ಹೇಳುವ ಬಗೆಯ ಲಾರಿಗಳಲ್ಲಿ ಚಕ್ರ ಮುಂದಕ್ಕೆ ತಳ್ಳುವ ಬಲವೂ, ಬ್ರೇಕು ಹಿಡಿದಾಗ ಹಿಂದಕ್ಕೆ ಜಗ್ಗುವ ಬಲವೂ ಚಾಸಿಗೆ ಮುಟ್ಟುವುದು ಹೆಚ್ಚಾಗಿ ಮುಂದಿನ ಹ್ಯಾಂಗರಿನ ಮೂಲಕವೇ. ಎತ್ತಿನ ಬಂಡಿಯಲ್ಲಿ ನೊಗದ ಹಗ್ಗ ಹೇಗೋ ಇಲ್ಲಿ ಈ ತುಂಡು ಹಾಗೆ. ಅದು ಕಿತ್ತರೆ ಅಚ್ಚು ಒಂದು ಪಕ್ಕ ಹಿಂದೆ ಸರಿಯುತ್ತದೆ; ಹಿಂದಿನ ಚಕ್ರಗಳು ತಮ್ಮ ದಾರಿ ತಾವು ಹಿಡಿಯುತ್ತವೆ; ಸ್ಟಿಯರಿಂಗು ಹಿಡಿದವನು ಪ್ರೇಕ್ಷಕನಾಗುತ್ತಾನೆ. ಬ್ರೇಕಿನ ಕೊಳವೆ ಹರಿದರೆ ಹೇಳುವುದೇ ಬೇಡ.

ಇಂತಹ ತುಂಡಿಗೆ ತುಕ್ಕು ಹಿಡಿಯುವುದು ಹೇಗೆ? ಕಬ್ಬಿಣ, ನೀರು, ಗಾಳಿ ಈ ಮೂರು ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ಓಟ ಇಮ್ಮಡಿಸುತ್ತದೆ. ನಮ್ಮ ಮುಂಬಯಿಯ ಗಾಳಿಯಲ್ಲೇ ಉಪ್ಪಿದೆ. ಮಂಗಳೂರು, ಮಲ್ಪೆ, ಕಾರವಾರದಿಂದ ಕರಾವಳಿಯ ಹೆದ್ದಾರಿ ಹಿಡಿದು ಬರುವ ಮೀನಿನ ಲಾರಿಗಳಿಂದ ಉಪ್ಪುನೀರು ಸೋರುತ್ತಲೇ ಇರುತ್ತದೆ. ಹ್ಯಾಂಗರು ಚಾಸಿಗೆ ಅಂಟುವ ಸಂದಿಯಲ್ಲಿ ಕೆಸರು ನಿಲ್ಲುತ್ತದೆ, ಕೆಸರಿನಲ್ಲಿ ತೇವ ನಿಲ್ಲುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಡುವ ವಸ್ತು. ಆದುದರಿಂದ ಅದು ಎರಡು ತಗಡುಗಳ ನಡುವೆ ಬೆಳೆದು ಅವುಗಳನ್ನು ಬೆಣೆ ಹೊಡೆದಂತೆ ಅಗಲಿಸುತ್ತದೆ. ರಿವಿಟ್ಟು ಸಡಿಲವಾಗುತ್ತದೆ. ಸಡಿಲವಾದದ್ದು ಅಲುಗಾಡುತ್ತದೆ. ಅಲುಗಾಡಿದ್ದು ಸವೆಯುತ್ತದೆ.

ಈ ಹಂತದಲ್ಲಿ ಲಾರಿ ಗ್ಯಾರೇಜಿಗೆ ಬರುತ್ತದೆ. ಸರಿಯಾದ ಕೆಲಸಕ್ಕೆ ಒಂದೂವರೆ ಎರಡು ದಿನ ಬೇಕು. ಮಾಲೀಕನಿಗೆ ಸಂಜೆಯ ಬಾಡಿಗೆ ಇದೆ. "ಎರಡು ಟಾಂಕೆ ಹೊಡಿ, ಆಮೇಲೆ ನೋಡೋಣ" ಎನ್ನುತ್ತಾನೆ. ಬಂಧುಗಳೇ, ಆ "ಆಮೇಲೆ" ಎಂಬ ದಿನ ಯಾವ ಪಂಚಾಂಗದಲ್ಲೂ ಇಲ್ಲ.

ಆ ಎರಡು ಟಾಂಕೆ ಏನು ಮಾಡುತ್ತವೆ ನೋಡಿರಿ. ಮೊದಲನೆಯದಾಗಿ, ತುಕ್ಕಿಗೆ ಬೆಸುಗೆ ಹಿಡಿಯುವುದಿಲ್ಲ. ತುಕ್ಕು, ಬಣ್ಣ, ಗ್ರೀಸು ಸುಟ್ಟು ಹೊಗೆಯಾಗಿ ಕರಗಿದ ಲೋಹದೊಳಗೆ ಗುಳ್ಳೆ ಕಟ್ಟುತ್ತದೆ. ಮೇಲೆ ಗಟ್ಟಿ, ಒಳಗೆ ಜೇನುಗೂಡು. ಮಳೆಗಾಲದಲ್ಲಿ ತೇವ ಹೀರಿದ ರಾಡಾದರೆ ತಣ್ಣಗಾದ ಮೇಲೂ ಒಳಗೊಳಗೇ ಬಿರುಕು ಬಿಡುವ ಭಯವಿದೆ. ಎರಡನೆಯದಾಗಿ, ಅನೇಕ ಲಾರಿಗಳ ಹ್ಯಾಂಗರು ಎರಕದ್ದು. ಎರಕದ ಕಬ್ಬಿಣವನ್ನು ಹದವಾಗಿ ಕಾಯಿಸದೆ ಉಕ್ಕಿಗೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಮೂರನೆಯದಾಗಿ, ಚಾಸಿಗೆ ಕೆಡುಕು. ಚಾಸಿಯ ಮೇಲಂಚು ಕೆಳಂಚುಗಳೇ ಬಾಗುವಿಕೆಯ ಒತ್ತಡವನ್ನು ಹೆಚ್ಚು ತಡೆಯುವ ಜಾಗ. ಅಲ್ಲಿ ತೂತು ಕೊರೆಯಬಾರದು, ಬೆಸೆಯಬಾರದು ಎಂದು ಲಾರಿ ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಎಚ್ಚರಿಸುತ್ತವೆ. ಬೆಂಕಿ ತಾಗಿದ ಉಕ್ಕಿನ ಹದ ಕೆಡುತ್ತದೆ. ಬೆಸುಗೆಯ ಅಂಚಿನಲ್ಲಿ ಕೂದಲಿನಂತಹ ಬಿರುಕು ಹುಟ್ಟುತ್ತದೆ. ಪ್ರತಿಯೊಂದು ಹೊಂಡಕ್ಕೂ ಅದು ಒಂದಿಷ್ಟು ಬೆಳೆಯುತ್ತದೆ. ಒಂದು ದಿನ ಮುರಿಯುತ್ತದೆ.

ಅದಕ್ಕಿಂತಲೂ ಘೋರವಾದದ್ದು ಇನ್ನೊಂದಿದೆ. ಪಿನ್ನು ಸವೆದು ಗಡಗಡ ಸದ್ದು ಬಂದರೆ ಕೆಲವರು ಶ್ಯಾಕಲನ್ನೇ ಹ್ಯಾಂಗರಿಗೆ ಬೆಸೆದುಬಿಡುತ್ತಾರೆ! ಸದ್ದು ನಿಲ್ಲುತ್ತದೆ, ನಿಜ. ಕೂಗುವ ಮಗುವಿನ ಬಾಯಿಗೆ ಬಟ್ಟೆ ತುರುಕಿದರೂ ಸದ್ದು ನಿಲ್ಲುತ್ತದೆ. ಓಡಾಡಬೇಕಾದ ತುದಿಯನ್ನು ಕಟ್ಟಿಹಾಕಿದ ಮೇಲೆ ಕಮಾನಿನ ಹೊಡೆತವೆಲ್ಲ ಹ್ಯಾಂಗರಿಗೂ ಚಾಸಿಗೂ ನೇರವಾಗಿ ಬೀಳುತ್ತದೆ. ನಾನು ಆ ಲಾರಿಯಲ್ಲಿ ಕಂಡದ್ದು ಇವೆರಡನ್ನೂ. ಹಿಂದೆ ಶ್ಯಾಕಲಿಗೆ ಬೆಸುಗೆ. ಮುಂದೆ ತುಕ್ಕು ಹಿಡಿದ ಹ್ಯಾಂಗರಿನ ಸುತ್ತ ಬೆಸುಗೆಯ ಮೇಲೆ ಬೆಸುಗೆ. ಇವೆಲ್ಲದರ ಮೇಲೆ ಕಪ್ಪು ಬಣ್ಣ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

ಹಾಗಾದರೆ ಸರಿಯಾದ ಕೆಲಸ ಯಾವುದು? ಟೀಕಿಸುವವನು ಮಾಡಿ ತೋರಿಸಬೇಕು. ಅದು ಗುಟ್ಟಿನ ವಿದ್ಯೆಯೇನಲ್ಲ.

ಲಾರಿಯನ್ನು ಬರಿದು ಮಾಡಿ ಗಟ್ಟಿ ಸಮನೆಲದಲ್ಲಿ ನಿಲ್ಲಿಸಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ಜ್ಯಾಕಿನಿಂದ ಎತ್ತಿ ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂಡಿಸಬೇಕು. ಬರಿಯ ಜ್ಯಾಕನ್ನು ನಂಬಿ ಕೆಳಗೆ ಮಲಗಿದವನು ಹೆಂಡತಿಮಕ್ಕಳನ್ನು ಮರೆತವನು. ಬ್ಯಾಟರಿಯ ತಂತಿ ಬಿಚ್ಚಬೇಕು. ಗ್ರೈಂಡರಿನ ಕಿಡಿ ಹಾರುವಲ್ಲಿ ಡೀಸೆಲ್ ಟ್ಯಾಂಕು, ಬ್ರೇಕಿನ ಕೊಳವೆ, ವಯರುಗಳಿಗೆ ಮರೆ ಕಟ್ಟಬೇಕು. ಮರಳಿನ ಬಕೇಟು ಹತ್ತಿರವಿರಬೇಕು. ಕಣ್ಣಿಗೆ ಕನ್ನಡಕ ಬೇಕು. ಆಮೇಲೆ ಅಚ್ಚಿಗೆ ಆಸರೆ ಕೊಟ್ಟು ಯು ಬೋಲ್ಟು ಸಡಿಲಿಸಿ ಪಿನ್ನು ತೆಗೆಯಬೇಕು. ತುಕ್ಕಿನಿಂದ ಕಚ್ಚಿಕೊಂಡ ಪಿನ್ನಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ದಂಡಂ ದಶಗುಣಂ ಎಂದು ಮೊದಲೇ ಸುತ್ತಿಗೆ ಎತ್ತಬಾರದು.

ಹಳೆಯ ಬೆಸುಗೆಯನ್ನು ಕಡಿಯುವಾಗ ಗ್ರೈಂಡರು ಹ್ಯಾಂಗರಿನ ಕಡೆ ತಿನ್ನಬೇಕು, ಚಾಸಿಯ ಕಡೆ ಅಲ್ಲ. ಹ್ಯಾಂಗರು ಹೇಗೂ ಗುಜರಿಗೆ ಹೋಗುವ ವಸ್ತು; ಚಾಸಿಗೆ ಬಿದ್ದ ಒಂದು ಗೀರು ನಾಳೆಯ ಬಿರುಕು. ಗ್ಯಾಸಿನ ಕಟ್ಟರನ್ನು ಚಾಸಿಯ ಹತ್ತಿರ ತರಲೇಬಾರದು. ಕೊನೆಯ ಪದರನ್ನು ಅರದಿಂದ ನಿಧಾನವಾಗಿ ಸವರಿ, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ತುಕ್ಕು ತೆಗೆಯಬೇಕು.

ಇನ್ನು ಬಿರುಕಿನ ಪರೀಕ್ಷೆ. ಮಿಲ್ಲಿನ ಹಿರಿಯ ಫಿಟ್ಟರುಗಳಿಗೆ ಇದು ನೆನಪಿದ್ದೀತು. ಆ ಜಾಗಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ ಚಾಕಿನ ಪುಡಿ ಬಳಿಯಬೇಕು. ಬಿರುಕಿದ್ದರೆ ಒಳಗಿಳಿದ ಎಣ್ಣೆ ಮತ್ತೆ ಹೊರಗೆ ಜಿನುಗಿ ಬಿಳಿಯ ಪುಡಿಯ ಮೇಲೆ ಗೆರೆ ಎಳೆಯುತ್ತದೆ. ನಾಲ್ಕು ಕಾಸಿನ ಪರೀಕ್ಷೆ, ಆದರೂ ಮಾಡುವವರು ಎಷ್ಟು ಮಂದಿ? ಬಿರುಕು ಕಂಡರೆ, ಇಲ್ಲವೆ ಚಾಸಿಯೇ ತೆಳ್ಳಗಾಗಿದ್ದರೆ, ಹ್ಯಾಂಗರಿನ ಮಾತು ಬಿಟ್ಟು ಮೊದಲು ಚಾಸಿಯನ್ನು ತಯಾರಕರು ಹೇಳಿದ ಕ್ರಮದಲ್ಲೇ ಸರಿಪಡಿಸಬೇಕು.

ಚಾಸಿ ಗಟ್ಟಿಯಿದ್ದರೆ ಆ ಲಾರಿಗೆಂದೇ ಮಾಡಿದ ಹೊಸ ಹ್ಯಾಂಗರನ್ನು ಮೊದಲಿದ್ದ ತೂತುಗಳಲ್ಲೇ ಕೂಡಿಸಬೇಕು. ರಿವಿಟ್ಟು ಹೊಡೆಯುವ ಅನುಕೂಲವಿದ್ದರೆ ರಿವಿಟ್ಟು; ಇಲ್ಲವೆ ತೂತನ್ನು ಸಾಪಾಗಿ ಸವರಿ ಅದಕ್ಕೆ ಬಿಗಿಯಾಗಿ ಕೂಡುವ ಗಟ್ಟಿ ಬೋಲ್ಟು. ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಕೆತ್ತಿರುವ ಬೋಲ್ಟುಗಳಲ್ಲಿ ತಯಾರಕರು ಯಾವುದನ್ನು ಹೇಳಿದ್ದಾರೋ ಅದನ್ನೇ ಹಾಕಬೇಕು. ಅಂಕಿಯಿಲ್ಲದ ಅಗ್ಗದ ಬೋಲ್ಟಿಗೆ ಅಲ್ಲಿ ಕೆಲಸವಿಲ್ಲ. ಕೂಡಿಸುವ ಮೊದಲೇ ಎರಡೂ ಮುಖಗಳಿಗೆ ಪ್ರೈಮರು ಬಳಿದಿರಬೇಕು. ಬುಷ್, ಪಿನ್ನು, ಯು ಬೋಲ್ಟು, ಲಾಕ್ ನಟ್ಟು ಎಲ್ಲವೂ ಹೊಸವು. ಬಿಗಿಯುವುದು ಪೈಪು ತೂರಿಸಿದ ಪಾನೆಯಿಂದಲ್ಲ, ಅಳತೆ ತೋರಿಸುವ ಟಾರ್ಕ್ ಪಾನೆಯಿಂದ. ಬಲಗಡೆಯನ್ನೂ ಬಿಚ್ಚಿ ನೋಡಬೇಕು. ಎಡಗಡೆ ನೆನೆದ ಮಳೆಯಲ್ಲಿ ಬಲಗಡೆಯೇನು ಕೊಡೆ ಹಿಡಿದಿತ್ತೇ? ಕೊನೆಗೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಪಕ್ಕ ಟೇಪು ಹಿಡಿಯಬೇಕು. ಅಳತೆ ಒಂದೇ ಬರಬೇಕು. ನಾಲ್ಕು ದಿನ ಓಡಿದ ಮೇಲೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿಯಬೇಕು. ಇದು ದುರಸ್ತಿ. ಉಳಿದದ್ದು ಮುಚ್ಚಿಡುವಿಕೆ.

ಎಲ್ಲ ಬೆಸುಗೆಯೂ ಪಾಪವೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯಲ್ಲೇ ಬೆಸೆದು ಬರುವ ಭಾಗಗಳುಂಟು. ತಯಾರಕರು ಒಪ್ಪಿದ ಜಾಗದಲ್ಲಿ, ಶುದ್ಧವಾದ ಲೋಹದ ಮೇಲೆ, ಒಣಗಿದ ಸರಿಯಾದ ರಾಡಿನಿಂದ, ಕಲಿತ ಕೈ ಹಾಕಿದ ಬೆಸುಗೆ ಗೌರವದ ಕೆಲಸವೇ. ನನ್ನ ಜಗಳ ಬೆಸುಗೆಯ ಸಂಗಡ ಅಲ್ಲ. ಬೆಸುಗೆಯನ್ನು ಪರದೆಯಾಗಿ ಬಳಸುವವರ ಸಂಗಡ.

ಈಗ ಮಾಲೀಕರ ವಾದಗಳನ್ನು ಕೇಳೋಣ. "ಹಣವಿಲ್ಲ" ಎನ್ನುತ್ತಾರೆ. ಲಾರಿಗೆ ಹೊಸ ಬಣ್ಣ ಬಳಿಸುವುದಕ್ಕೆ ಹಣವಿತ್ತು. ಕ್ಯಾಬಿನ್ನಿನಲ್ಲಿ ಹಾಡಿನ ಪೆಟ್ಟಿಗೆ ಕೂಡಿಸುವುದಕ್ಕೆ ಹಣವಿತ್ತು. ಕಾಣುವ ಜಾಗಕ್ಕೆ ಹಣವಿದೆ, ಕಾಣದ ಜಾಗಕ್ಕೆ ಇಲ್ಲ! ಕಟ್ಟೆಗೆ ಬಡಿದ ಮೇಲೆ ಗ್ಯಾರೇಜಿಗೆ ತೆತ್ತ ಹಣದ ಮುಂದೆ ಹ್ಯಾಂಗರಿನ ಬೆಲೆ ಎಷ್ಟರದು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯಿದೆ. ಇಲ್ಲಿ ಹೋದದ್ದು ಮಾನವಲ್ಲ, ಹುಡುಗನ ಕಾಲು.

"ಹಳೆಯ ಲಾರಿ, ಅದಕ್ಕೇಕೆ ಅಷ್ಟು ಖರ್ಚು?" ಎನ್ನುತ್ತಾರೆ. ಲಾರಿ ಹಳೆಯದು, ಸರಿ. ಅದರ ಮೇಲೆ ಕುಳಿತವನ ಪ್ರಾಣವೂ ಹಳೆಯದೇ? ಹಳೆಯದಾಗುವುದು ಅಪರಾಧವಲ್ಲ. ನೋಡಿಕೊಂಡರೆ ಇಪ್ಪತ್ತು ವರ್ಷದ ಲಾರಿಯೂ ನೆಟ್ಟಗೆ ಓಡುತ್ತದೆ. ನೋಡದಿದ್ದರೆ ಐದು ವರ್ಷದ್ದೂ ಕೊಲ್ಲುತ್ತದೆ.

"ಫಿಟ್‌ನೆಸ್ ಆಗಿದೆ, ಸರ್ಕಾರವೇ ಪಾಸು ಮಾಡಿದೆ" ಎನ್ನುತ್ತಾರೆ. 1988ರ ಮೋಟಾರು ವಾಹನ ಕಾನೂನಿನಂತೆ ಬಾಡಿಗೆಯ ವಾಹನಕ್ಕೆ ಯೋಗ್ಯತಾ ಪತ್ರ ಬೇಕು; ಎಂಟು ವರ್ಷ ದಾಟಿದ ವಾಹನಕ್ಕೆ ಅದನ್ನು ವರ್ಷಕ್ಕೊಮ್ಮೆ ಹೊಸತು ಮಾಡಿಸಬೇಕು. ಒಳ್ಳೆಯದು. ಆದರೆ ವರ್ಷದಲ್ಲಿ ಒಂದು ದಿನದ ಪರೀಕ್ಷೆ ಉಳಿದ 364 ದಿನಗಳ ಹೊಂಡಗಳಿಗೆ ಜವಾಬು ಹೇಳುತ್ತದೆಯೇ? ಅದೇ ಕಾನೂನಿನ 190ನೆಯ ಕಲಮನ್ನು ಇವರು ಓದಿದ್ದಾರೆಯೇ? ಅಪಾಯಕಾರಿ ದೋಷವುಳ್ಳ ವಾಹನವನ್ನು ದೋಷ ತಿಳಿದೂ, ಇಲ್ಲವೆ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದರೂ, ರಸ್ತೆಯಲ್ಲಿ ಓಡಿಸುವವನು ಮಾತ್ರವಲ್ಲ, ಓಡಿಸಗೊಡುವವನೂ ಅಪರಾಧಿ ಎಂದು ಅದರಲ್ಲಿದೆ. 2019ರ ತಿದ್ದುಪಡಿಯ ಅನಂತರ ಅದಕ್ಕೆ 1,500 ರೂಪಾಯಿ ದಂಡ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ 3 ತಿಂಗಳವರೆಗಿನ ಸಜೆ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಡ್ರೈವರನನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಂಡ ಮಾಲೀಕರು ಆ "ಓಡಿಸಗೊಡುವವನು" ಎಂಬ ಮಾತನ್ನು ಎರಡು ಸಲ ಓದಲಿ.

ಒಂದು ಲಾರಿಯ ಮಾಲೀಕನೂ ಹತ್ತು ಲಾರಿಯ ಮಾಲೀಕನೂ ಒಂದೇ ಅಲ್ಲವೆಂಬುದನ್ನು ಬಲ್ಲೆ. ಬಿಜಾಪುರ, ಕಲಬುರ್ಗಿಯ ಕಡೆಯಿಂದ ಬಂದು ಸಾಲ ಮಾಡಿ ಒಂದೇ ಹಳೆಯ ಲಾರಿ ಕೊಂಡು ತಾನೇ ಓಡಿಸುವವನು ನಮ್ಮಂತೆಯೇ ಕೂಲಿಕಾರ. ತಿಂಗಳ ಕಂತು ಅವನ ಕುತ್ತಿಗೆಯ ಮೇಲಿದೆ. ಅವನಿಗೆ ಬೈಗುಳ ಬೇಡ, ಆಸರೆ ಬೇಕು. ಆ ಮಾತನ್ನು ಕೊನೆಗೆ ಹೇಳುತ್ತೇನೆ.

ಮಾಲೀಕರನ್ನು ಬೈದು ಮುಗಿಸಿದರೆ ಲೇಖನ ಅರ್ಧವಾದೀತು. ಉಳಿದರ್ಧ ನಮ್ಮದು. ನನ್ನದು.

ಆ ಅಪಘಾತಕ್ಕೆ ಹತ್ತು ದಿನ ಮೊದಲು ಅದೇ ಲಾರಿ ಹೊಟೇಲಿನ ಮುಂದೆ ನಿಂತಿತ್ತು. ನಾನು ಚಹಾ ಕುಡಿಯುತ್ತಿದ್ದೆ. ಎಡಗಡೆ ತುಸು ಕುಸಿದಿರುವುದು ಕಂಡಿತು. ಬಾಗಿ ನೋಡಿದೆ. ಬೆಸುಗೆಯ ಅಂಚಿನಿಂದ ಕೆಂಪುಪುಡಿ ಇಳಿದಿತ್ತು. ಮಾಲೀಕರು ನಮ್ಮ ಊರ ಕಡೆಯವರು, ಸಂಘದ ಕಾರ್ಯಕ್ರಮಗಳಿಗೆ ಚಂದಾ ಕೊಡುವವರು. ಹೇಳಿದೆ. ಅವರು ನಕ್ಕು, "ಏನು ಮಾರಾಯ್ರೇ, ನಿಮ್ಮದು ಮಿಲ್ಲಿನ ಕಾಲದ ಮಾತು. ಟಾಂಕೆ ಹೊಡೆಸಿದ್ದೇನೆ, ಎರಡು ವರ್ಷ ಅಲುಗುವುದಿಲ್ಲ" ಎಂದರು. ಊರವರೊಡನೆ ನಿಷ್ಠುರವೇಕೆಂದು ನಾನು ಸುಮ್ಮನಾದೆ. ಹುಡುಗನಿಗಾಗಲಿ, ಡ್ರೈವರನಿಗಾಗಲಿ, ಹೊಟೇಲಿನ ಧಣಿಗಳಿಗಾಗಲಿ ಒಂದು ಮಾತು ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಆ ಹುಡುಗ ನನ್ನನ್ನು ಕೇಳಿದ: "ಮಾಮ, ನೀವು ಮೊದಲೇ ನೋಡಿದ್ದಿರಂತೆ, ಹೌದಾ?"

ನಲವತ್ತು ವರ್ಷ ಕಬ್ಬಿಣದೊಡನೆ ಕಳೆದ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಈ ಲೇಖನವೇ ಆ ಉತ್ತರ. ತಡವಾಗಿ ಬಂದ ಉತ್ತರ.

ನಮ್ಮವರು, ಊರವರು, ಚಂದಾ ಕೊಡುವವರು ಎಂಬ ದಾಕ್ಷಿಣ್ಯವೂ ಒಂದು ಬಗೆಯ ತುಕ್ಕೇ. ಅದು ಒಳಗಿನಿಂದ ತಿನ್ನುತ್ತದೆ. ಗ್ಯಾರೇಜಿನ ಮಿಸ್ತ್ರಿ "ಗಿರಾಕಿ ಕೇಳಿದ್ದನ್ನು ಮಾಡಿದೆ" ಎನ್ನುತ್ತಾನೆ. ಡ್ರೈವರು "ಹೇಳಿದರೆ ಕೆಲಸ ಹೋಗುತ್ತದೆ" ಎನ್ನುತ್ತಾನೆ. ಹೊಟೇಲಿನ ಧಣಿ "ಲಾರಿ ನಮ್ಮದಲ್ಲವಲ್ಲ" ಎನ್ನುತ್ತಾರೆ. ಒಬ್ಬೊಬ್ಬರ ಮಾತೂ ಸರಿಯಾಗಿಯೇ ಕೇಳುತ್ತದೆ. ಎಲ್ಲ ಸೇರಿದಾಗ ಒಂದು ಕಾಲು ಮುರಿಯುತ್ತದೆ.

ಮಿಲ್ಲಿನ ಹಿರಿಯರೇ, ನೆನಪು ಮಾಡಿಕೊಳ್ಳಿರಿ. ಹಲ್ಲುಚಕ್ರಗಳಿಗೆ, ಪಟ್ಟಾಗಳಿಗೆ ಕವಚವಿರಬೇಕೆಂದು 1948ರ ಫ್ಯಾಕ್ಟರಿ ಕಾನೂನಿನಲ್ಲಿ ಬರೆದಿತ್ತು. ಬರೆದ ಮಾತ್ರಕ್ಕೆ ಕವಚ ತಾನಾಗಿ ಬಂದು ಕೂಡಿತೇ? ಕವಚವಿಲ್ಲದ ಯಂತ್ರದ ಮುಂದೆ ನಿಲ್ಲುವುದಿಲ್ಲವೆಂದು ಒಬ್ಬ ಹೇಳಿದರೆ ಅವನನ್ನು ಹೊರಗೆ ಹಾಕುತ್ತಿದ್ದರು. ಇಡೀ ಖಾತೆ ಹೇಳಿದರೆ ಕವಚ ಬರುತ್ತಿತ್ತು. ಲಾರಿಯ ವಿಷಯದಲ್ಲೂ ಅಷ್ಟೇ.

ನಾವು ಮಾಡಬೇಕಾದದ್ದು ನಾಲ್ಕು.

ಮೊದಲನೆಯದು, ಕಣ್ಣು. ಹತ್ತುವ ಮೊದಲು ಲಾರಿಯನ್ನು ಒಂದು ಸುತ್ತು ಹಾಕಿರಿ. ಒಂದು ಪಕ್ಕ ಕುಸಿದಿದೆಯೇ? ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಅಂತರ ಎರಡೂ ಕಡೆ ಸಮನಾಗಿದೆಯೇ? ಹ್ಯಾಂಗರಿನ ಸಂದಿಯಿಂದ, ಬೆಸುಗೆಯಿಂದ ಕೆಂಪುಪುಡಿ ಇಳಿದಿದೆಯೇ? ಇಳಿದಿದ್ದರೆ ಒಳಗೆ ಏನೋ ಅಲುಗಾಡುತ್ತಿದೆ. ಬಣ್ಣದ ಮೇಲೆ ಕೂದಲೆಳೆಯಂತಹ ಗೆರೆ ಇದೆಯೇ? ಕಮಾನು ಪಟ್ಟಿಗಳು ಅಡ್ಡ ಸರಿದಿವೆಯೇ? ಬ್ರೇಕು ಹಿಡಿದಾಗ ಹಿಂದಿನಿಂದ ಧಡ್ ಎಂದು ಸದ್ದು ಬರುತ್ತದೆಯೇ? ಇದಕ್ಕೆ ಮಿಸ್ತ್ರಿಯ ವಿದ್ಯೆ ಬೇಡ. ದೋಸೆ ಕರಿದಿದೆಯೇ ಎಂದು ನೋಡುವ ಕಣ್ಣು ಸಾಕು.

ಎರಡನೆಯದು, ಮೂಟೆಯ ಮೇಲಿನ ಸವಾರಿ ನಿಲ್ಲಬೇಕು. ಸರಕಿನ ವಾಹನದಲ್ಲಿ ಹೋಗುವ ಸರಕಿನ ಮಾಲೀಕನಿಗೂ ಅವನ ಅಧಿಕೃತ ಪ್ರತಿನಿಧಿಗೂ 1994ರ ತಿದ್ದುಪಡಿಯಿಂದ ವಿಮೆಯ ರಕ್ಷಣೆ ಬಂತು. ಬಿಟ್ಟಿ ಸವಾರರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆದುದರಿಂದ ಹೊಟೇಲಿನ ಧಣಿಗಳು ಹುಡುಗನ ಕೈಗೆ "ಇವನು ನಮ್ಮ ಸರಕಿನ ಸಂಗಡ ಬರುವ ನಮ್ಮ ಆಳು" ಎಂದು ಸಹಿ ಮಾಡಿದ ಚೀಟಿ ಕೊಡಲಿ. ಅವನು ಕ್ಯಾಬಿನ್ನಿನೊಳಗೆ ಕುಳಿತು ಬರಲಿ. ಕ್ಯಾಬಿನ್ನಿನಲ್ಲಿ ಜಾಗವಿಲ್ಲದಿದ್ದರೆ ರೈಲು ಹತ್ತಲಿ. ರೈಲಿನ ಟಿಕೀಟಿಗೆ ಧಣಿಗಳು ಬಡವಾಗುವುದಿಲ್ಲ.

ಮೂರನೆಯದು, ಕರಾರು. ಒಂದು ಲಾರಿಯನ್ನು ನಾಲ್ಕೈದು ಹೊಟೇಲುಗಳು ಹಿಡಿಯುತ್ತವೆಯೆಂದರೆ ಆ ಹೊಟೇಲುಗಳ ಕೈಯಲ್ಲಿ ಬಲವಿದೆ. ಕಮಾನು, ಹ್ಯಾಂಗರು, ಬ್ರೇಕುಗಳನ್ನು ವರ್ಷಕ್ಕೆರಡು ಸಲ, ಅದರಲ್ಲಿ ಒಮ್ಮೆ ಮಳೆಗಾಲಕ್ಕೆ ಮುಂಚೆ, ತಿಳಿದವರಿಂದ ತೋರಿಸಿ ಬರಹ ತಂದ ಲಾರಿಗೆ ಮಾತ್ರ ಬಾಡಿಗೆ ಎಂದು ಅವರು ಕರಾರು ಮಾಡಲಿ. ದೋಷ ಹೇಳಿದ ಡ್ರೈವರನನ್ನು ತೆಗೆದರೆ ಬಾಡಿಗೆಯೂ ಹೋಗುತ್ತದೆಂದು ಅದರಲ್ಲಿ ಬರೆಯಲಿ.

ನಾಲ್ಕನೆಯದು, ಆಸರೆ. ಒಂದೇ ಲಾರಿಯ ಬಡ ಮಾಲೀಕನಿಗೆ ದುರಸ್ತಿಗೆಂದೇ ಸಣ್ಣ ಸಾಲ ಕೊಡುವ ನಿಧಿಯೊಂದನ್ನು ನಮ್ಮ ಸಂಘ ತೆರೆಯಲಿ. ಸಾಲದ ಹಣ ಅವನ ಕೈಗಲ್ಲ, ಹೊಸ ಹ್ಯಾಂಗರು ಮಾರಿದ ಅಂಗಡಿಗೆ, ಕೆಲಸ ಮಾಡಿದ ಗ್ಯಾರೇಜಿಗೆ ಹೋಗಲಿ. ನಮ್ಮಂತಹ ಹಳೆಯ ಫಿಟ್ಟರುಗಳು ಇನ್ನೂ ಕೆಲವರು ಬದುಕಿದ್ದೇವೆ. ಭಾನುವಾರ ಒಂದು ಹೊತ್ತು ಕೂಲಿಯಿಲ್ಲದೆ ಲಾರಿ ನೋಡಿಕೊಡಲು ನಾನು ಸಿದ್ಧ. ನನ್ನ ಜೊತೆಗೆ ಬರುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿರಿ. ಹಿಂದೆ ದಿನವಿಡೀ ದುಡಿದ ಹೊಟೇಲು ಹುಡುಗರಿಗೆ ಈ ನಗರದ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿದವರಿದ್ದರು. ಇಂದು ಲಾರಿಯ ಕೆಳಗೆ ಏನು ನೋಡಬೇಕೆಂದು ಕಲಿಸುವ ಕೆಲಸ ನಮ್ಮದಾಗಲಿ.

ಆ ಹುಡುಗನ ಮನೆಗೆ ಕಳುಹಿಸಲು ಸಂಘದಲ್ಲಿ ಹಣ ಕೂಡಿಸುತ್ತಿದ್ದಾರೆ. ಕೊಡಿರಿ, ಕೈಲಾದಷ್ಟು ಕೊಡಿರಿ. ಆದರೆ ಹಣ ಕೊಟ್ಟೆವೆಂದು ನಿದ್ದೆ ಹೋಗಬೇಡಿರಿ. ಚಂದಾ ಎತ್ತುವುದೂ ಒಂದು ಟಾಂಕೆಯೇ. ಒಳಗಿನ ತುಕ್ಕು ಹಾಗೆಯೇ ಉಳಿದಿದ್ದರೆ ಮುಂದಿನ ಮಳೆಗಾಲಕ್ಕೆ ಇನ್ನೊಬ್ಬ ತಾಯಿಯ ಮಗನಿಗಾಗಿ ಮತ್ತೆ ಡಬ್ಬಿ ಹಿಡಿಯಬೇಕಾದೀತು.

ನಾಳೆ ಬೆಳಗಿನ ಜಾವ ನಿಮ್ಮ ಹೊಟೇಲಿನ ಮುಂದೆ ಲಾರಿ ಬಂದು ನಿಂತಾಗ ಮೂಟೆ ಇಳಿಸುವ ಮೊದಲು ಒಂದು ಕ್ಷಣ ಬಾಗಿ ಕೆಳಗೆ ನೋಡಿರಿ. ಕಂಡದ್ದನ್ನು ಗಟ್ಟಿಯಾಗಿ ಹೇಳಿರಿ. ಮಾಲೀಕರು ನಮ್ಮ ಊರವರಾದರೆ ಇನ್ನೂ ಗಟ್ಟಿಯಾಗಿ ಹೇಳಿರಿ.